ಬೋರೆ ಹೊಲದ ಒಂದು ಚೀಲ ಮಣ್ಣು

ಕಳೆದ ಸಲ ಬಂದಾಗ ನೀವಿಬ್ಬರೂ ಶಾಲೆಯ ಪ್ರಾಜೆಕ್ಟಿಗೆಂದು ಒಂದು ಚೀಲ ಮಣ್ಣು ಕೇಳಿದಿರಿ. ಬೋರೆ ಹೊಲದ್ದೇ ಬೇಕು, ಅದು ಮೆತ್ತಗೆ ಚೆನ್ನಾಗಿದೆ ಎಂದಿರಿ. ನಾನು ಕೊಡಲಿಲ್ಲ. ಚಕ್ಕುಲಿ ಕೇಳಿದರೆ ಡಬ್ಬಿಯನ್ನೇ ಎತ್ತಿಕೊಡುವ ಅಜ್ಜಿ ಮಣ್ಣಿಗೆ ಜಿಪುಣತನ ಮಾಡಿದಳೆಂದು ತಿಪಟೂರು ಸೇರುವ ತನಕ ಬಸ್ಸಿನಲ್ಲಿ ಮುಖ ಊದಿಸಿಕೊಂಡಿದ್ದಿರಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಎದುರಿಗೆ ಕೂತು ವಿವರಿಸುವುದು ನನ್ನಿಂದಾಗದ ಕೆಲಸ. ಕೇಳುವವರು ಮೊಮ್ಮಕ್ಕಳೇ ಆದರೂ ಅಷ್ಟೇ. ಊರ ಶಾಲೆಯಲ್ಲಿ ಕಲಿತ ಅಕ್ಷರ ಕೈಯಲ್ಲಿದೆ, ಅದರಲ್ಲಿ ಬರೆಯುತ್ತೇನೆ. ನೀವು ಕನ್ನಡವನ್ನು ಬೆರಳಿಟ್ಟು ಓದುವವರು. ನಿಧಾನವಾಗಿಯೇ ಓದಿ, ಅವಸರವೇನಿಲ್ಲ.

ಮೊದಲು ನಮ್ಮ ಸೀಮೆಯ ಭಕ್ತಿಯ ವಿಷಯ ಹೇಳಬೇಕು. ನಮ್ಮ ಜನ ಶಿವನಿಗೆ ಬೆಳಿಗ್ಗೆ ಒಂದು ಸಲ ಕೈ ಮುಗಿಯುತ್ತಾರೆ. ಉಳಿದ ಹೊತ್ತೆಲ್ಲ ತೆಂಗಿನ ಮರಕ್ಕೆ. ನನ್ನ ಮದುವೆಯ ಮಾತುಕತೆಗೆಂದು ಕೆಂಕೆರೆ ಕಡೆಯಿಂದ ಬಂದ ನಮ್ಮಪ್ಪ ನೇರವಾಗಿ ತೋಟಕ್ಕೆ ಹೋದರು. ಒಂದು ಸುತ್ತು ತಿರುಗಿ, ಮೇಲೆ ನೋಡಿ ನೋಡಿ ನೊಂದ ಕುತ್ತಿಗೆಯನ್ನು ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕೂತು, "ಗಂಡು ಚೆನ್ನಾಗವ್ನೆ" ಎಂದರು. ಗಂಡನ್ನು ಅವರು ಆಗಿನ್ನೂ ನೋಡಿರಲಿಲ್ಲ.

ಆ ತೋಟಕ್ಕೂ ಊರಿಗೂ ನಡುವೆ, ಸ್ವಲ್ಪ ಏರಿನ ಮೇಲೆ ಇರುವುದೇ ಬೋರೆ ಹೊಲ. ಅದಕ್ಕೆ ಕೊಳವೆ ಬಾವಿಯಿಲ್ಲ, ಕಾಲುವೆಯಿಲ್ಲ. ಆಕಾಶ ಕೊಟ್ಟಷ್ಟು ನೀರು. ರಾಗಿ, ಹುರುಳಿ ಬೆಳೆಯುತ್ತಿದ್ದೆವು. ಕೋಳಿ ಮೇವಿಗೆಂದು ಕೊಳ್ಳುವವರು ಬರತೊಡಗಿದ ಮೇಲೆ ಮುಸುಕಿನ ಜೋಳಕ್ಕೆ ತಿರುಗಿಕೊಂಡೆವು. ನಮ್ಮ ಮನೆಯಲ್ಲಿ ಆ ಹೊಲವನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಹಾಗಾಗಿಯೇ ಅದು ನನ್ನದಾಯಿತು. ಮದುವೆಯಾಗಿ ಬಂದ ಹೊಸದರಲ್ಲಿ, ಮನೆ ತುಂಬ ಗಂಡಸರ ನಡುವೆ ಉಸಿರು ಬಿಗಿಹಿಡಿದು ಓಡಾಡುತ್ತಿದ್ದವಳು, ಬೋರೆ ಹೊಲಕ್ಕೆ ಕಳೆ ತೆಗೆಯಲು ಹೋದರೆ ಬಾಯಿ ಬಿಟ್ಟು ಮಾತಾಡುತ್ತಿದ್ದೆ. ಪೈರಿನ ಜೊತೆಗೆ. ಪೈರು ಎದುರುತ್ತರ ಕೊಡುವುದಿಲ್ಲ, ತಲೆಯ ಮೇಲಿನ ಸೆರಗು ಜಾರಿದರೆ ಕೆಮ್ಮುವುದೂ ಇಲ್ಲ.

ತಿಪ್ಪೆ ಬಗೆಯುವ ಕಾಲಕ್ಕೆ ಗೊಬ್ಬರದ ಗಾಡಿಗಳು ಬೋರೆ ಹೊಲದ ಬದುವಿನ ಮೇಲೆಯೇ ಹಾದು ತೋಟಕ್ಕೆ ಹೋಗುತ್ತಿದ್ದವು. ಹೊಲಕ್ಕೆ ಸಿಗುತ್ತಿದ್ದದ್ದು ಚಕ್ರ ಗುಂಡಿಗೆ ಬಿದ್ದು ಕುಲುಕಿದಾಗ ಉದುರಿದ ನಾಲ್ಕು ಹೆಂಟೆ. ಕೆರೆ ಒಣಗಿದಾಗ ತೆಗೆದ ಹೂಳು, ನಾವು ಗೋಡು ಎನ್ನುವುದು, ಅದೂ ತೋಟಕ್ಕೆ. ಅಷ್ಟಾದರೂ ಮರಗಳಿಗೆ ತೃಪ್ತಿಯಿಲ್ಲ. ನಮ್ಮ ಕಡೆ ಮಣ್ಣು ಹೊಡೆಸುವುದು ಎಂದು ಒಂದು ಸೇವೆ ಇದೆ. ಎರಡು ಮೂರು ವರ್ಷಕ್ಕೊಮ್ಮೆ ತೆಂಗಿನ ಬುಡಕ್ಕೆ ಹೊಸ ಮಣ್ಣು ತಂದು ಹಾಕುವುದು. ಕೆರೆಯಲ್ಲಿ ನೀರಿದ್ದು ಗೋಡು ಸಿಗದ ವರ್ಷ ಆ ಮಣ್ಣನ್ನು ಎಲ್ಲಿಂದ ತರಬೇಕು? ಪಕ್ಕದಲ್ಲಿ ಬೋರೆ ಹೊಲ ಸುಮ್ಮನೆ ಬಿದ್ದಿದೆಯಲ್ಲ. ಮೇಲಿನ ಮಣ್ಣನ್ನು ಕೆರೆದು ಟ್ರಾಕ್ಟರಿಗೆ ತುಂಬಿ ತೋಟಕ್ಕೆ ಸುರಿಯುತ್ತಿದ್ದರು. ಕೂಸಿನ ತಟ್ಟೆಯಿಂದ ತೆಗೆದು, ಉಂಡು ತೇಗುತ್ತಿರುವ ನೆಂಟರಿಗೆ ಬಡಿಸಿದ ಹಾಗೆ. ನಿಮ್ಮ ತಾತನೂ ಈ ಧರ್ಮದವರೇ. ಒಳ್ಳೆಯ ಮನುಷ್ಯ, ನನ್ನ ಮೇಲೆ ಒಂದು ದಿನ ಕೈಯೆತ್ತಿದವರಲ್ಲ. ಹೊಲದ ಮೇಲೆ ಗುದ್ದಲಿ ಎತ್ತುವಾಗ ಮಾತ್ರ ಕೈ ನಡುಗುತ್ತಿರಲಿಲ್ಲ.

ಅವರು ಹೋದ ಮೇಲೆ ಬೋರೆ ಹೊಲ ನನ್ನ ಪಾಲಿಗೆ ಎಂದು ಹಿರಿಯರ ಮುಂದೆ ಮಾತಾಯಿತು. ಅಷ್ಟು ಹೊತ್ತಿಗೆ ಅದು ಹೊಲವಾಗಿ ಉಳಿದಿರಲಿಲ್ಲ, ಹೊಲದ ಎಲುಬಾಗಿತ್ತು. ಮಳೆ ಬಿದ್ದರೆ ನೀರು ಇಂಗುತ್ತಿರಲಿಲ್ಲ, ಜಾರಿಕೊಂಡು ನೇರ ತೋಟಕ್ಕೆ ಹೋಗುತ್ತಿತ್ತು. ನೀರಿಗೂ ಯಾರ ಕಡೆ ಸೇರಿಕೊಳ್ಳಬೇಕೆಂದು ಗೊತ್ತಿತ್ತು. ಜೋಳ ಮೊಣಕಾಲು ದಾಟುವ ಹೊತ್ತಿಗೆ ಎಲೆಯ ಅಂಚು ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಮುಸುಕು ಬಿಚ್ಚಿದರೆ ಅಲ್ಲೊಂದು ಇಲ್ಲೊಂದು ಕಾಳು. ಆರು ವರ್ಷದ ಮಗು ನಕ್ಕಂತಿರುತ್ತಿತ್ತು ತೆನೆ.

ಈಗ ಭಾವನವರ ವಿಷಯ. ನೀವು ದೊಡ್ಡತಾತ ಎಂದು ಕರೆಯುವವರು, ನನ್ನ ಗಂಡನ ಅಣ್ಣ. ಆ ವರ್ಷ ಕೃಷಿ ಇಲಾಖೆಯವರು ಹೊಲದ ಮಣ್ಣು ತಂದುಕೊಟ್ಟರೆ ಪರೀಕ್ಷೆ ಮಾಡಿಸಿ ಚೀಟಿ ಕೊಡುತ್ತೇವೆ ಎಂದರು. ಹೊಲದ ನಾಲ್ಕಾರು ಕಡೆ ಅಗೆದು, ಕಲಸಿ, ಒಂದು ಹಿಡಿ ಕಟ್ಟಿ ಕೊಡಬೇಕು. ಭಾವನವರಿಗೆ ಚಿಂತೆ ಹತ್ತಿತು. ಬೋರೆ ಹೊಲದ ಮಣ್ಣನ್ನು ಆಫೀಸಿನವರ ಮುಂದೆ ಬಿಚ್ಚಿದರೆ ಮನೆತನದ ಮರ್ಯಾದೆ ಏನಾಗಬೇಕು? ಅವರು ತೋಟಕ್ಕೆ ಹೋಗಿ, ಎಲ್ಲಕ್ಕಿಂತ ಹೆಚ್ಚು ಕಾಯಿ ಬಿಡುವ ಮರದ ಬುಡದಿಂದ ಮಣ್ಣು ತೆಗೆದು, ಕಲ್ಲು ಕಡ್ಡಿ ಆರಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ, ಬೋರೆ ಹೊಲದ್ದೆಂದು ಬರೆಸಿ ಕೊಟ್ಟು ಬಂದರು. ಕಾಯಿಲೆಯವರ ಬದಲು ಗಟ್ಟಿಮುಟ್ಟಾದ ಅಳಿಯನನ್ನು ಡಾಕ್ಟರ ಹತ್ತಿರ ಕಳಿಸಿದಂತೆ. ಚೀಟಿ ಬಂತು. ಮಣ್ಣು ಬಹಳ ಫಲವತ್ತಾಗಿದೆ, ಗೊಬ್ಬರ ಕಡಿಮೆ ಮಾಡಿ ಎಂದಿತ್ತು. ಭಾವನವರು ಅದನ್ನು ಜಗಲಿಯಲ್ಲಿ ಎಲ್ಲರಿಗೂ ಓದಿ ಹೇಳಿದರು. ಮಣ್ಣಿನಲ್ಲಿ ತಪ್ಪಿಲ್ಲ ಎಂದ ಮೇಲೆ ತಪ್ಪು ಜೋಳದ್ದು, ಇಲ್ಲವೇ ಬಿತ್ತಿದವಳ ಕೈಗುಣದ್ದು. ಆದ್ದರಿಂದ ಬೋರೆ ಹೊಲದಲ್ಲೂ ಗುಂಡಿ ತೆಗೆಸಿ ತೆಂಗಿನ ಸಸಿ ಇಡುವುದು ಎಂದು ಅವರೇ ತೀರ್ಮಾನ ಮಾಡಿದರು.

ತೋಟದ ಕೊನೆಯ ಸಾಲಿನ ಮರಗಳಿಗೇ ಕೊಳವೆ ಬಾವಿಯ ನೀರು ಮುಟ್ಟದೆ ಸುಳಿ ಒಣಗುತ್ತಿತ್ತು. ಏರಿನ ಮೇಲಿನ ಎಲುಬಿನಂಥ ಹೊಲದಲ್ಲಿ ಸಸಿ ಬದುಕುವುದಿಲ್ಲವೆಂದು ನನಗೆ ಗೊತ್ತಿತ್ತು. ಸಸಿ ಸತ್ತರೂ ಗುಂಡಿ ಉಳಿಯುತ್ತದೆ, ನನ್ನ ಹೊಲ ಉಳಿಯುವುದಿಲ್ಲ. ಇದನ್ನು ಹೇಳಬೇಕಲ್ಲ. ಹೇಳುವುದು ಹೇಗೆ? ನಮ್ಮ ಕಾಲದ ಸೊಸೆಯಂದಿರು ಗಂಡನ ಅಣ್ಣನ ಎದುರು ಕೂರುವಂತಿರಲಿಲ್ಲ, ನೇರವಾಗಿ ಮಾತಾಡುವಂತಿರಲಿಲ್ಲ. ಅವರೂ ನಮ್ಮನ್ನು ನೇರವಾಗಿ ಮಾತಾಡಿಸುತ್ತಿರಲಿಲ್ಲ. ಕಾಲ ಬದಲಾಗಿ ಈಗಿನ ಸೊಸೆಯರು ಬೈಕಿನ ಹಿಂದೆ ಕೂತು ಭಾವಂದಿರ ಜೊತೆಗೇ ಬ್ಯಾಂಕಿಗೆ ಹೋಗಿ ಬರುತ್ತಾರೆ. ನಾವಿಬ್ಬರು ಮಾತ್ರ ಬದಲಾಗುವುದನ್ನು ಮರೆತು ಉಳಿದುಬಿಟ್ಟಿದ್ದೆವು. ಅಂಗಳದಲ್ಲಿ ಕಟ್ಟಿದ ಹಸುವೇ ನಮಗೆ ಗತಿ. ನಾನು ಹಸುವಿಗೆ ಹೇಳುತ್ತೇನೆ, ಅವರು ಜಗಲಿಯಿಂದ ಕೇಳಿಸಿಕೊಂಡು ಹಸುವಿಗೆ ಉತ್ತರ ಕೊಡುತ್ತಾರೆ. ಈ ಮನೆಯ ವ್ಯವಹಾರವೆಲ್ಲ ಆ ಹಸುವಿಗೆ ಗೊತ್ತು. ಅದು ಒಂದು ಮಾತನ್ನೂ ಹೊರಗೆ ಬಿಟ್ಟಿಲ್ಲ. ಅಷ್ಟು ಗುಟ್ಟು ಕಾಯುವವರು ನಮ್ಮ ಊರಲ್ಲಿ ಬೇರೆ ಯಾರೂ ಇಲ್ಲ.

ಒಂದು ಬೆಳಿಗ್ಗೆ ಹಾಲು ಕರೆಯುತ್ತಾ ಹೇಳಿದೆ. "ನೋಡೇ, ತ್ವಾಟದ ಕಡೇ ಸಾಲಿಗೇ ನೀರು ಹತ್ತಲ್ಲ. ಬೋರೆ ಮೇಲೆ ಸಸಿ ಮಡಗಿದ್ರೆ ನೀರು ಯಾರೇ ಹುಯ್ಯೋರು, ನೀನಾ?"

ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ನಿಂತಿತು. ಭಾವನವರು ಹಸುವಿನ ಕಡೆ ತಿರುಗಿದರು.

"ಮೂರು ಮಳೆಗಾಲ ಬುಟ್ಟಿವ್ನಿ ಅಂತ ಹೇಳವ್ವ. ಅಷ್ಟ್ರೊಳಗೆ ಬೋರೆ ಮೇಲೆ ಆಳೆತ್ತರ ಜೋಳ ಬಂದ್ರೆ ಹೊಲ ಹೊಲವಾಗೇ ಇರ್ಲಿ. ಬರ್ಲಿಲ್ಲ ಅಂದ್ರೆ ಸಸಿ. ಆದ್ರೆ ತಿಪ್ಪೆ ಗೊಬ್ಬರ ಒಂದು ಮಂಕರಿ ಅತ್ತಾಗೆ ಹೋಗಕೂಡ್ದು. ತಿಪ್ಪೆ ತ್ವಾಟದ್ದು."

ಹಸು ಒಪ್ಪಿಕೊಂಡಿತು. ಅಂದರೆ ಬಾಲ ಬೀಸಿತು.

ತಿಪ್ಪೆ ತೋಟದ್ದಾದರೆ ತಿಪ್ಪೆಗೆ ಹೋಗದೇ ಇದ್ದದ್ದು ಯಾರದ್ದು? ನಾನು ಇದನ್ನು ಹಸುವಿಗೂ ಹೇಳಲಿಲ್ಲ. ಜೋಳ ಮುರಿದು ಹೊಲ ಖಾಲಿಯಾದ ಮೇಲೆ ಹಗಲೆಲ್ಲ ಹಸುವನ್ನು ಬೋರೆ ಹೊಲದಲ್ಲಿ ಗೂಟಕ್ಕೆ ಕಟ್ಟಿದೆ. ಇವತ್ತು ಇಲ್ಲಿ ಗೂಟ, ನಾಳೆ ಅದರ ಪಕ್ಕಕ್ಕೆ. ಹಸು ಮೇದಲ್ಲೇ ಸಗಣಿ ಹಾಕುತ್ತಿತ್ತು, ಗಂಜಲ ಬಿಡುತ್ತಿತ್ತು. ನಾನು ಅದನ್ನು ಕೆದಕಿ ಮಣ್ಣು ಮುಚ್ಚುತ್ತಿದ್ದೆ. ರಾತ್ರಿಯ ಸಗಣಿ ಮಾತ್ರ ನಿಯಮದಂತೆ ತಿಪ್ಪೆಗೆ. ತಿಪ್ಪೆ ಏಳುತ್ತಿಲ್ಲವಲ್ಲ, ಈ ಹಸುವಿಗೆ ಹೊಟ್ಟೆ ಕೆಟ್ಟಿದೆಯೇ ಎಂದು ಭಾವನವರು ಹಸುವನ್ನೇ ವಿಚಾರಿಸಿದರು. ಹೊಟ್ಟೆ ಸರಿಯಾಗಿಯೇ ಇದೆ, ಹಸಿವು ಎಲ್ಲಿದೆಯೋ ಅಲ್ಲಿ ಹಾಕುತ್ತದೆ ಎಂದು ನಾನು ಹಸುವಿಗೇ ಹೇಳಿದೆ. ಅವರು ಎಲೆ ಉಗುಳಿ ಎದ್ದು ಹೋದರು.

ಅದೊಂದರಿಂದ ತೀರುವಂಥದ್ದಾಗಿರಲಿಲ್ಲ ಆ ಹೊಲದ ಹಸಿವು. ಕಿಬ್ಬನಹಳ್ಳಿ ಕಡೆಗೆ ಹೋಗುವಾಗ ತೆಂಗಿನ ನಾರು ಮಾಡುವ ಕಡೆ ನಾರಿನ ಪುಡಿ ಗುಡ್ಡೆ ಗುಡ್ಡೆಯಾಗಿ ಬಿದ್ದಿರುತ್ತದಲ್ಲ, ಅದನ್ನು ಹೊಡೆಸಿಕೊಂಡೆ. ಹೊಲದಿಂದ ತೋಟಕ್ಕೆ ಹೋದದ್ದು ಸ್ವಲ್ಪವಾದರೂ ಮರಳಿ ಬರಲಿ ಎಂಬ ನ್ಯಾಯ ನನ್ನದು. ಹಾಗೇ ಹಸಿಯಾಗಿ ಹೊಲದ ತುಂಬ ಹರಡಿದೆ. ಮೊದಲನೆಯ ವರ್ಷದ ಜೋಳ ಅರಿಸಿನ ಹಚ್ಚಿದ ಮದುಮಗಳಂತೆ ಹಳದಿಯಾಗಿ ನಿಂತಿತು, ನಾಚಿಕೆಯಿಂದ ಮೇಲೇಳಲೇ ಇಲ್ಲ. ಕೊಳೆಯದ ನಾರಿನ ಪುಡಿ ತಾನು ಕೊಳೆಯುವುದಕ್ಕೇ ಮಣ್ಣಿನ ಸಾರವನ್ನೆಲ್ಲ ಎಳೆದುಕೊಳ್ಳುತ್ತದಂತೆ. ಊರಲ್ಲಿ ಈ ವಿಷಯ ಎಲ್ಲರಿಗೂ ಮೊದಲೇ ಗೊತ್ತಿತ್ತು. ಬೆಳೆ ಹೋದ ಮೇಲೆ ಒಬ್ಬೊಬ್ಬರಾಗಿ ಬಂದು ತಿಳಿಸಿದರು. ಭಾವನವರು ತೆಂಗಿನ ಸಸಿ ಎಲ್ಲಿ ಒಳ್ಳೆಯದು ಸಿಗುತ್ತದೆ ಎಂದು ಹೋಗಿ ಬರುವವರನ್ನೆಲ್ಲ ಜೋರಾಗಿ ಕೇಳತೊಡಗಿದರು.

ಎರಡನೆಯ ವರ್ಷಕ್ಕೆ ನಾರಿನ ಪುಡಿಯನ್ನು ಹೊಲದ ಮೂಲೆಯಲ್ಲಿ ರಾಶಿ ಹಾಕಿ, ಹಸುವಿನ ಗಂಜಲ ಸುರಿದು, ಹೊಂಗೆ ಸೊಪ್ಪು ಮುಚ್ಚಿ ಕೊಳೆಯಲು ಬಿಟ್ಟೆ. ಇಳಿಜಾರಿಗೆ ಅಡ್ಡವಾಗಿ ಬದು ಏರಿಸಿ, ಬದುವಿನ ಮೇಲ್ಗಡೆ ಕಾಲುವೆ ತೋಡಿಸಿ, ಕಾಯಿ ಸುಲಿದ ಮಟ್ಟೆಯನ್ನು ಅದರಲ್ಲಿ ಹೂಳಿಸಿದೆ. ಮಳೆ ನೀರನ್ನು ಮಟ್ಟೆ ಕುಡಿದು ಇಟ್ಟುಕೊಳ್ಳುತ್ತದೆ. ಹಂಡೆಯೊಲೆಗೆ ಮಟ್ಟೆ ಸಾಲದೆ ಮನೆಮಂದಿ ಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಬೇಕಾಯಿತು, ಬಿಸಿನೀರಿನಲ್ಲಲ್ಲ. ನಿಮ್ಮ ದೊಡ್ಡಜ್ಜಿ, ಅಂದರೆ ಭಾವನವರ ಹೆಂಡತಿ, ಇದನ್ನು ಇವತ್ತಿಗೂ ಮರೆತಿಲ್ಲ.

ಭರಣಿ ಮಳೆಗೆ ಹೊಲದ ತುಂಬ ಸೆಣಬು ಚೆಲ್ಲಿದೆ. ಅದು ಸೊಂಟದೆತ್ತರ ಹಚ್ಚಗೆ ಬೆಳೆದು ಹೂವಿಗೆ ಬರುವ ಹೊತ್ತಿಗೆ ಕೊಳೆತು ಗೊಬ್ಬರವಾಗಲೆಂದು ಉತ್ತು ಮಣ್ಣಿಗೆ ಸೇರಿಸಿಬಿಟ್ಟೆ. ಅವತ್ತು ಬದುವಿನ ಮೇಲೆ ನಿಂತು ನೋಡಿದ ಜನ ಜಾತ್ರೆಗೂ ಸೇರುವುದಿಲ್ಲ. ಕಣ್ಣ ಮುಂದೆ ಬೆಳೆದ ಹಸಿರನ್ನು ಯಾರಾದರೂ ಉತ್ತು ಹಾಕುತ್ತಾರೆಯೇ? ಗಂಡ ಹೋದ ಮೇಲೆ ತಲೆ ಕೆಟ್ಟಿರಬೇಕು, ಪಾಪ ಎಂದು ಒಬ್ಬಾಕೆ ನನಗೆ ಕೇಳುವಂತೆಯೇ ಪಿಸುಗುಟ್ಟಿದಳು. ಹೊಲದ ಮಣ್ಣನ್ನು ಹೊತ್ತು ಮರಕ್ಕೆ ಹಾಕುವವರ ತಲೆ ಮಾತ್ರ ನಮ್ಮ ಕಡೆ ಎಂದೂ ಕೆಟ್ಟಿದ್ದಿಲ್ಲ.

ಚಿಕ್ಕನಾಯಕನಹಳ್ಳಿ ಕಡೆಯ ಕುರಿಯವರು ಬಂದಾಗ ರಾಗಿ ಕೊಟ್ಟು, ಹಿಕ್ಕೆ ಬೀಳಲೆಂದು ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡೆ. ಜೋಳ ಒಂದನ್ನೇ ಬಿತ್ತುವುದನ್ನು ಬಿಟ್ಟು ನಡುನಡುವೆ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಅಲಸಂದೆ ಹಾಕಿದೆ. ಇದು ನಾನು ಕಂಡುಹಿಡಿದದ್ದೇನಲ್ಲ, ರಾಗಿಯಲ್ಲಿ ನಮ್ಮತ್ತೆ ಮಾಡುತ್ತಿದ್ದದ್ದು. ಜೋಳ ಬಂದ ಮೇಲೆ ಅವರೆಗೆ ಜಾಗ ಯಾಕೆ ದಂಡ ಎಂದು ಎಲ್ಲರೂ ಬಿಟ್ಟಿದ್ದರು. ಆ ವರ್ಷ ಜೋಳ ನನ್ನ ಎದೆಯ ತನಕ ಬಂತು. ನಾನು ಎಷ್ಟೆತ್ತರ ಇದ್ದೇನೆಂದು ನಿಮಗೆ ಗೊತ್ತು, ಹಾಗಾಗಿ ಬೀಗುವಂಥದ್ದೇನೂ ಇರಲಿಲ್ಲ. ಆದರೆ ಎಲೆಯಲ್ಲಿ ನೇರಳೆ ಇರಲಿಲ್ಲ. ಮಳೆ ಬಿದ್ದ ಮರುದಿನ ಹೊಲದಲ್ಲಿ ನಡೆದರೆ ಕಾಲಿಗೆ ಮಣ್ಣು ಅಂಟುತ್ತಿತ್ತು. ಅದಕ್ಕೂ ಮುಂಚೆ ಆ ಮಣ್ಣು ಯಾರ ಕಾಲಿಗೂ ಅಂಟುವಷ್ಟು ಸಲಿಗೆ ತೋರಿಸಿದ್ದಿಲ್ಲ.

ಮೂರನೆಯ ಮಳೆಗಾಲ ಆರಿದ್ರೆಯಲ್ಲಿ ಕೈಕೊಟ್ಟಿತು. ದಂಡಿನಶಿವರದ ಕಡೆಯಿಂದ ಬಂದ ನೆಂಟರು ಅಲ್ಲೂ ಬಿತ್ತಿದ್ದು ಬಾಡಿದೆ ಎಂದರು. ಸುತ್ತಲ ಹೊಲಗಳಲ್ಲಿ ಜೋಳದ ಎಲೆ ಮಧ್ಯಾಹ್ನಕ್ಕೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಬೋರೆ ಹೊಲದಲ್ಲೂ ಸುತ್ತಿಕೊಂಡಿತು, ಆದರೆ ಸಂಜೆಗೆ ಬಿಚ್ಚಿಕೊಳ್ಳುತ್ತಿತ್ತು. ನಾನು ದಿನಾ ಹೋಗಿ ನೋಡುತ್ತಿದ್ದೆ. ಕೊನೆಗೆ ಮಳೆ ಹಿಡಿದಾಗ ಅದು ಎದ್ದ ರಭಸ ಹೇಳಲಾರೆ. ತುದಿಯಲ್ಲಿ ಸೂಲಂಗಿ ಹೂವು ಬರುವ ಹೊತ್ತಿಗೆ ಹೊಲದೊಳಗೆ ಹೋದರೆ ನಾನು ಕಾಣದಾದೆ. ಆಳೆತ್ತರ ಎಂದಿದ್ದರು, ಅದು ಭಾವನವರ ಪೇಟದ ಮೇಲಕ್ಕೂ ಹೋಗಿತ್ತು.

ಜೋಳ ಮುರಿದು, ಒಣದಂಟಿನ ಸಪ್ಪೆಯನ್ನು ಹಸುವಿಗೆ ಬಣವೆ ಹಾಕಿದ ಮೇಲೆ ಭಾವನವರು ಒಂದು ಸಂಜೆ ಬೋರೆ ಹೊಲಕ್ಕೆ ಬಂದರು. ನಾನು ಹಸುವಿನ ಗೂಟ ಬದಲಾಯಿಸುತ್ತಿದ್ದವಳು ಸೆರಗು ಸರಿಮಾಡಿಕೊಂಡು ಒಂದು ಪಕ್ಕಕ್ಕೆ ನಿಂತೆ. ಅವರು ಚಪ್ಪಲಿ ಬಿಟ್ಟು ಹೊಲದೊಳಗೆ ನಡೆದರು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಿಸುಕಿದರು, ಮೂಸಿದರು. ಒಂದು ಎರೆಹುಳು ಅವರ ಬೆರಳ ಸಂದಿನಿಂದ ಇಳಿದು ಹೋಯಿತು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡಿದ್ದು ಕೊಬ್ಬರಿ ರೇಟು ಏರಿದ ದಿನ ಮಾತ್ರ. ನನಗೂ ಎದೆ ತುಂಬಿತು. ಹೊಗಳುವುದು ಬೇಡ, ಹಸುವಿಗಾದರೂ ಒಂದು ಒಳ್ಳೆಯ ಮಾತು ಹೇಳಿಯಾರು ಎಂದುಕೊಂಡೆ.

ಹೇಳಿದರು. "ಮಣ್ಣು ಬೆಣ್ಣೆ ಆಗೈತೆ ಕಣವ್ವ. ಇಂಥ ಮಣ್ಣ ಇಲ್ಲಿ ಸುಮ್ನೆ ಬುಟ್ಟು ಏನ್ಮಾಡಾನ? ನಾಳೀಕೆ ಜೆಸಿಬಿ ಬತ್ತೈತೆ. ಒಂದಷ್ಟು ಲೋಡು ತ್ವಾಟಕ್ಕೆ ಹೊಡೆಸ್ಬುಡಾನ."

ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಅದನ್ನು ನೀವು ತಿಳಿಯಬೇಕು. ಕೊಟ್ಟ ಮಾತನ್ನು ಅವರು ಮುರಿಯುತ್ತಲೂ ಇರಲಿಲ್ಲ. ಹೊಲ ಹೊಲವಾಗಿಯೇ ಇರಲಿ ಎಂದಿದ್ದರು, ಹಾಗೇ ಇರುತ್ತದೆ. ಮಣ್ಣಿನ ಬಗ್ಗೆ ಮಾತಾಗಿರಲಿಲ್ಲವಲ್ಲ. ಒಳ್ಳೆಯದೇನನ್ನು ಕಂಡರೂ ಅದು ತೆಂಗಿನ ಬುಡಕ್ಕೆ ಸೇರಬೇಕಾದದ್ದು ಎಂದು ಅವರಿಗೆ ಅನ್ನಿಸುತ್ತದೆ, ಅಷ್ಟೆ. ದೇವರಿಗೆ ಹೂವು ಕೀಳುವವರು ಗಿಡವನ್ನು ಕೇಳುತ್ತಾರೆಯೇ?

ಮರುದಿನ ಬೆಳಿಗ್ಗೆ ಜೆಸಿಬಿ ಬಂತು, ಹಿಂದೆ ಟ್ರಾಕ್ಟರು. ನಾನು ಅಡುಗೆಯನ್ನು ಅರ್ಧಕ್ಕೆ ಬಿಟ್ಟು ಹಸುವನ್ನು ಹಿಡಿದುಕೊಂಡು ಹೋಗಿ ಹೊಲದ ಬಾಯಿಯಲ್ಲೇ ನಿಂತೆ. ಭಾವನವರು ಬದುವಿನ ಮೇಲೆ ನಿಂತು ಎಲ್ಲಿಂದ ಕೆರೆಯಬೇಕೆಂದು ಡ್ರೈವರಿಗೆ ಕೈ ತೋರಿಸುತ್ತಿದ್ದರು. ನಾನು ಹಸುವಿಗೆ ಹೇಳಿದೆ, ಮಣ್ಣು ತೆಗೆಯಬೇಡಿ ಎಂದು ಹೇಳೇ ಎಂದು. ಯಂತ್ರದ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದೆ. ಭಾವನವರು ಒಂದು ಗಳಿಗೆ ಹಸುವಿನ ಕಡೆ ನೋಡಿ ಮುಖ ತಿರುಗಿಸಿದರು. ಹಸುವಿನ ಮೂಲಕ ಹೇಳುವುದರಲ್ಲಿ ಇದೊಂದು ಅನುಕೂಲ ಇದೆ, ಬೇಡವಾದದ್ದು ಹಸುವಿನಲ್ಲೇ ಉಳಿದುಬಿಡುತ್ತದೆ. ಜೆಸಿಬಿಯ ಹಲ್ಲು ಕೆಳಗಿಳಿಯಿತು.

ಹಗ್ಗ ಬಿಟ್ಟು ಬದುವಿನ ಹತ್ತಿರ ಹೋದೆ. ಸೆರಗು ಎಲ್ಲಿತ್ತೋ ನೆನಪಿಲ್ಲ. ಅವರ ಮುಖವನ್ನು ನೇರವಾಗಿ ನೋಡಿದೆ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವರ ಬಲಗಣ್ಣಿನ ಕೆಳಗೆ ಒಂದು ಮಚ್ಚೆ ಇದೆಯೆಂದು ಅವತ್ತೇ ನನಗೆ ತಿಳಿದದ್ದು.

"ಭಾವ, ಈ ಹೊಲದ ಮಣ್ಣು ತ್ವಾಟಕ್ಕೆ ಹೋಗಲ್ಲ. ನಾನು ಇರೋಗಂಟ ಹೋಗಲ್ಲ."

ಡ್ರೈವರು ಯಂತ್ರ ನಿಲ್ಲಿಸಿದ. ನನಗೆ ಹೆದರಿ ಅಲ್ಲ, ಮುಂದಿನ ಮಾತು ಚೆನ್ನಾಗಿ ಕೇಳಿಸಲಿ ಎಂದು. ಆದರೆ ನನ್ನಲ್ಲಿ ಮುಂದಿನ ಮಾತು ಇರಲಿಲ್ಲ, ಇದ್ದದ್ದನ್ನೆಲ್ಲ ಆಡಿಯಾಗಿತ್ತು. ಭಾವನವರ ಬಾಯಿ ಸ್ವಲ್ಪ ತೆರೆದುಕೊಂಡೇ ಇತ್ತು. ಮಣ್ಣು ಹೋಗುವುದಿಲ್ಲ ಎಂದದ್ದು ಅವರಿಗೆ ಅಷ್ಟಾಗಿ ತಾಕಿರಲಿಲ್ಲ. ನನಗೆ ಬಾಯಿದೆಯೆಂಬ ಸುದ್ದಿಯೇ ಅವರಿಗೆ ಹೊಸದು. ಅವರು ಹೆಗಲ ಮೇಲಿನ ಟವೆಲನ್ನು ತೆಗೆದರು, ಕೊಡವಿದರು, ಮತ್ತೆ ಹಾಕಿಕೊಂಡರು. ಆಮೇಲೆ, ಎಲ್ಲೋ ಮೇಯತೊಡಗಿದ್ದ ಹಸುವನ್ನು ಕಣ್ಣಲ್ಲೇ ಹುಡುಕಿ, ಅದಕ್ಕೆ ಹೇಳಿದರು.

"ಸರಿ ಬುಡು ಅಂತ ಹೇಳವ್ವ. ಈ ಸಲ ಕೆರೆ ಗೋಡೇ ಹೊಡೆಸಾನ."

ಜೆಸಿಬಿ ಬಂದ ದಾರಿಯಲ್ಲೇ ಹೋಯಿತು. ಹಲ್ಲು ತಾಕಿದ ಜಾಗದಲ್ಲಿ ಒಂದು ಗಾಯ ಆಗಿತ್ತು, ನಾನು ಸಲಿಕೆಯಿಂದ ಎಳೆದು ಮುಚ್ಚಿದೆ.

ಅವತ್ತಿನಿಂದ ಭಾವನವರು ನನ್ನ ವಿಷಯದಲ್ಲಿ ಇನ್ನಷ್ಟು ಹುಷಾರಾಗಿದ್ದಾರೆ. ನನಗೆ ಹೇಳಬೇಕಾದದ್ದನ್ನು ಈಗಲೂ ಹಸುವಿಗೇ ಹೇಳುತ್ತಾರೆ. ನಾನು ಅವರಿಗೇ ಉತ್ತರ ಕೊಡುತ್ತೇನೆ. ಅದರಿಂದ ಅವರಿಗೆ ತುಂಬ ಮುಜುಗರವಾಗುತ್ತದೆ. ಬೇಗ ಒಪ್ಪಿಕೊಂಡು ಎದ್ದು ಹೋಗುತ್ತಾರೆ. ಹೋದ ವರ್ಷ ತಿಪ್ಪೆ ಬಗೆದಾಗ ಒಂದು ಗಾಡಿ ಗೊಬ್ಬರ ತೋಟಕ್ಕೆ ಹೋಗದೆ ಬೋರೆ ಹೊಲದ ಮೂಲೆಯಲ್ಲಿ ಬಿದ್ದಿತ್ತು. ಗಾಡಿಯ ಅಚ್ಚು ಮುರಿಯಿತು, ಅದಕ್ಕೇ ಅಲ್ಲಿ ಸುರಿಯಬೇಕಾಯಿತು ಎಂದು ಅವರು ಹಸುವಿಗೆ ವಿವರಿಸುತ್ತಿದ್ದರು. ನಾನು ಗಾಡಿಯನ್ನು ನೋಡಿದೆ. ಅಚ್ಚು ಗಟ್ಟಿಯಾಗಿಯೇ ಇತ್ತು. ಸಲಿಕೆ ತಂದು ಗೊಬ್ಬರವನ್ನು ಹೊಲಕ್ಕೆ ಹರಡಿದೆ.

ಹಾಗಾಗಿ ಮಕ್ಕಳೇ, ನಿಮ್ಮ ಪ್ರಾಜೆಕ್ಟಿಗೆ ಮಣ್ಣು ಬೇಕಾದರೆ ತೋಟದಿಂದ ಎಷ್ಟು ಬೇಕೋ ಅಷ್ಟು ತುಂಬಿಕೊಳ್ಳಿ. ಅಲ್ಲಿರುವುದರಲ್ಲಿ ಅರ್ಧ ಬೋರೆ ಹೊಲದ್ದೇ. ದೊಡ್ಡತಾತ ಬೇಡವೆಂದರೆ ನನ್ನನ್ನು ಕರೆಯಿರಿ, ನಾನು ಮಾತಾಡುತ್ತೇನೆ.